ಕಲ್ಲು ಮಣ್ಣಾದ ಲೆಕ್ಕ ಬೆಲೆ ಆಯೋಗಕ್ಕೆ ಬೇಡವೇ?



ನಿಮ್ಮ ನೇಗಿಲು ಸವೆಯುತ್ತದೆ. ಟ್ರಾಕ್ಟರು ಸವೆಯುತ್ತದೆ, ಪಂಪ್‌ಸೆಟ್ಟು ಸವೆಯುತ್ತದೆ, ದನದ ಕೊಟ್ಟಿಗೆಯ ಮಾಡು ಸವೆಯುತ್ತದೆ. ದೆಹಲಿಯಲ್ಲಿ ಕೂತು ನಿಮ್ಮ ಬೆಳೆಯ ಖರ್ಚು ಬರೆಯುವ ಕೃಷಿ ವೆಚ್ಚ ಮತ್ತು ಬೆಲೆ ಆಯೋಗದ ಪುಸ್ತಕದಲ್ಲಿ ಈ ಸವಕಳಿಗೆ ಒಂದು ಕಲಮು ಉಂಟು. ಆದರೆ ನೇಗಿಲು ಯಾವುದರ ಮೇಲೆ ಓಡುತ್ತದೋ ಆ ಮಣ್ಣು ಸವೆದರೆ? ಅದಕ್ಕೆ ಕಲಮಿಲ್ಲ. 1965ರಲ್ಲಿ ಕೃಷಿ ಬೆಲೆಗಳ ಆಯೋಗ ಎಂಬ ಹೆಸರಿನಲ್ಲಿ ಹುಟ್ಟಿ 1985ರಲ್ಲಿ ಇಂದಿನ ಹೆಸರು ಇಟ್ಟುಕೊಂಡ ಈ ಸಂಸ್ಥೆ ಇಷ್ಟು ವರ್ಷ ಬೀಜ, ಗೊಬ್ಬರ, ಕೂಲಿ, ಬಡ್ಡಿ ಎಲ್ಲವನ್ನೂ ಬರೆದುಕೊಂಡು ಬಂದಿದೆ. ಮಣ್ಣು ಮಾತ್ರ ಅದರ ಕಣ್ಣಿಗೆ ದೇವರು ಪುಕ್ಕಟೆ ಕೊಟ್ಟದ್ದು.

ಪುಕ್ಕಟೆಯೇ? ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮಣ್ಣು ಹೇಗೆ ಹುಟ್ಟಿತು, ಅದರಲ್ಲಿ ಇನ್ನೂ ಏನು ಉಳಿದಿದೆ, ಉಳಿದದ್ದನ್ನು ಯಾರು ಹೊತ್ತುಕೊಂಡು ಹೋಗುತ್ತಿದ್ದಾರೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ. ಇದೇನೋ ಕಾಲೇಜು ಪಾಠ ಅಂತ ಪುಟ ತಿರುವಬೇಡಿ. ಬ್ಯಾಂಕಿನವನು ನಿಮ್ಮ ಪಹಣಿ ನೋಡಿ ಸಾಲ ಕೊಡುತ್ತಾನೆ. ಪಹಣಿಯಲ್ಲಿ ಎಕರೆ ಇದೆ, ಗುಂಟೆ ಇದೆ, ಮಣ್ಣಿನ ಬಣ್ಣವೂ ಇರಬಹುದು. ಮಣ್ಣಿನೊಳಗಿನ ಗಂಟು ಎಷ್ಟು ಎಂಬುದು ಇಲ್ಲ. ಆ ಗಂಟಿನ ಲೆಕ್ಕವನ್ನು ನಾವೇ ಬರೆಯಬೇಕಾಗಿದೆ.

ಕಲ್ಲಿನೊಳಗೆ ಏನಿತ್ತು?

ನಮ್ಮ ಸೀಮೆಯ ಅಡಿಪಾಯ ಪರ್ಯಾಯದ್ವೀಪದ ನೈಸ್ ಶಿಲೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬಂಡೆಯ ಮೇಲೆ ಜನ ಹತ್ತಿ ಕೂರುತ್ತಾರಲ್ಲ, ಸರ್ಕಾರ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡು ಹಾಕಿ ಕಾಯುತ್ತದಲ್ಲ, ಅದೇ ಜಾತಿಯ ಕಲ್ಲು ಇದು. ವಯಸ್ಸು ಸುಮಾರು 300 ಕೋಟಿ ವರ್ಷ. ಅಲ್ಲಿ ಬಂಡೆಗೆ ಕಾವಲುಗಾರ ಇದ್ದಾನೆ. ಅದೇ ಬಂಡೆ ಕರಗಿ ಆದ ಮಣ್ಣಿಗೆ ಇಲ್ಲಿ ಕಾವಲು ಯಾರು?

ನಿಮ್ಮ ಹೊಲದ ಬದುವಿನ ಕಲ್ಲೊಂದನ್ನು ಒಡೆದು ನೋಡಿ. ಗಾಜಿನಂತೆ ಹೊಳೆಯುವ ಬೆಣಚು ಇದೆ. ಬಿಳಿ ಅಥವಾ ತಿಳಿಗೆಂಪು ಬಣ್ಣದ ಫೆಲ್ಡ್‌ಸ್ಪಾರ್ ಇದೆ. ರೇಕು ರೇಕಾಗಿ ಏಳುವ ಕಾಗೆಬಂಗಾರ ಇದೆ, ಅದರಲ್ಲಿ ಕರಿದೂ ಉಂಟು, ಬಿಳಿದೂ ಉಂಟು. ಕೆಲವು ಕಡೆ ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜವೂ ಕಾಣುತ್ತದೆ. ಈ ನಾಲ್ಕರ ಬಾಳು ನಾಲ್ಕು ತರ.

ಮಳೆನೀರು ಗಾಳಿಯಲ್ಲಿರುವ, ಬೇರು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೆಳುವಾದ ಹುಳಿಯಾಗುತ್ತದೆ. ಹುಣಸೆ ತಿಕ್ಕಿದರೆ ತಾಮ್ರದ ಚೊಂಬು ಬೆಳಗುವುದಿಲ್ಲವೇ, ಹಾಗೆ ಈ ಹುಳಿ ಕಲ್ಲನ್ನು ಸಾವಿರಾರು ವರ್ಷ ತಿಕ್ಕುತ್ತದೆ. ಬೆಣಚು ಬಗ್ಗುವುದಿಲ್ಲ. ಅದು ಪುಡಿಯಾಗಿ ಮರಳಾಗುತ್ತದೆ, ಮರಳಾಗಿಯೇ ಇರುತ್ತದೆ, ಬೆಳೆಗೆ ಅದರಿಂದ ತಿನ್ನಲು ಏನೂ ಇಲ್ಲ. ಫೆಲ್ಡ್‌ಸ್ಪಾರಿನಲ್ಲಿ ಎರಡು ಪಂಗಡ. ಸೋಡಿಯಂ ಮತ್ತು ಸುಣ್ಣ ಹಿಡಿದುಕೊಂಡ ಪಂಗಡ ಬೇಗ ಸೋಲುತ್ತದೆ. ಪೊಟ್ಯಾಷ್ ಹಿಡಿದುಕೊಂಡ ಪಂಗಡ ನಿಧಾನವಾಗಿ ಸೋಲುತ್ತದೆ. ಸೋತ ಫೆಲ್ಡ್‌ಸ್ಪಾರಿನಿಂದ ಸೋಡಿಯಂ, ಸುಣ್ಣ, ಪೊಟ್ಯಾಷ್ ನೀರಿಗೆ ಇಳಿಯುತ್ತವೆ. ಹಿಂದೆ ಉಳಿಯುವ ಅಲ್ಯುಮಿನಿಯಂ, ಸಿಲಿಕಾ ಸೇರಿ ಹೊಸ ಖನಿಜವಾಗುತ್ತದೆ. ಅದೇ ಜೇಡಿ.

ನೀರು ಚೆನ್ನಾಗಿ ಬಸಿದು ಹೋಗುವ ಎತ್ತರದ ಹೊಲದಲ್ಲಿ ಹೀಗೆ ಹುಟ್ಟುವ ಜೇಡಿಯ ಹೆಸರು ಕೆಯೋಲಿನೈಟ್. ಕರಿ ಕಾಗೆಬಂಗಾರ ಮತ್ತು ಹಾರ್ನ್‌ಬ್ಲೆಂಡಿನೊಳಗಿನ ಕಬ್ಬಿಣ ಹೊರಬಂದು ತುಕ್ಕು ಹಿಡಿಯುತ್ತದೆ. ನಿಮ್ಮ ಕೆಂಪು ಹೊಲದ ಕೆಂಪು ಅದೇ ತುಕ್ಕು. ಎತ್ತರದಿಂದ ತೊಳೆದು ಬಂದ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ತಗ್ಗಿನಲ್ಲಿ ನಿಂತು ಬೇರೆ ಜೇಡಿಯಾಗುತ್ತವೆ. ಅದು ಮಾಂಟ್‌ಮೊರಿಲೊನೈಟ್. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಹಳ್ಳದ ಪಕ್ಕದ ಎರೆ ಗದ್ದೆ, ಅದರೊಳಗಿನ ಸುಣ್ಣದ ಹರಳು ಎರಡೂ ಈ ಕಥೆಯ ಮಕ್ಕಳೇ. ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಶಕ್ತಿಯಲ್ಲಿ ಈ ಎರಡನೆಯ ಜೇಡಿ ಮೊದಲನೆಯದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು. ಮೇಲಿನ ಹೊಲದ ಕೆಂಪು ಮಣ್ಣು ಗೊಬ್ಬರ ಹಾಕಿದಷ್ಟೂ ಬೇಡುತ್ತದೆ ಅಂತ ನಿಮ್ಮ ಅಜ್ಜ ಹೇಳುತ್ತಿದ್ದುದರ ಒಳಗುಟ್ಟು ಇದು. ಚೀಲ ಸಣ್ಣದು, ತುಂಬಿದ್ದು ಸೋರುತ್ತದೆ.

ಒಂದು ಅಂಗುಲ ಮಣ್ಣು ಹೀಗೆ ಆಗಲು ನೂರಾರು ವರ್ಷ ಬೇಕು. ಯಾವ ಸರ್ಕಾರದ ಯಾವ ಪಂಚವಾರ್ಷಿಕ ಯೋಜನೆಯೂ ಇದನ್ನು ಮಾಡಿಲ್ಲ, ಮಾಡಲಾರದು.

ಗೋಡು ಎಂಬ ಗಂಟು

ಈಗ ಮುಖ್ಯ ಮಾತಿಗೆ ಬರೋಣ. ಮರಳಿಗೂ ಜೇಡಿಗೂ ನಡುವೆ ಒಂದು ಪಾಲು ಇದೆ. ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತ ಸಣ್ಣದನ್ನು ಜೇಡಿ ಅಂತಾರೆ. ಅದಕ್ಕಿಂತ ದೊಡ್ಡದಾಗಿ, ಮರಳಿಗಿಂತ ಸಣ್ಣದಾಗಿ ಇರುವ ಹಿಟ್ಟಿನಂಥ ಪಾಲೇ ಗೋಡು. ಕೈಯಲ್ಲಿ ಉಜ್ಜಿದರೆ ರಾಗಿ ಹಿಟ್ಟು ಮುಟ್ಟಿದ ಹಾಗೆ ಇರುತ್ತದೆ, ಅಂಟುವುದಿಲ್ಲ, ಗರಗರ ಅನ್ನುವುದೂ ಇಲ್ಲ.

ಈ ಗೋಡಿನಲ್ಲಿ ಏನಿದೆ? ಇನ್ನೂ ಪೂರ್ತಿ ಸೋಲದ ಕಾಗೆಬಂಗಾರ, ಇನ್ನೂ ಪೂರ್ತಿ ಕರಗದ ಫೆಲ್ಡ್‌ಸ್ಪಾರ್, ಜೊತೆಗೆ ಬೆಣಚಿನ ಪುಡಿ. ಶುದ್ಧ ಪೊಟ್ಯಾಷ್ ಫೆಲ್ಡ್‌ಸ್ಪಾರಿನ ತೂಕದಲ್ಲಿ ಶೇ. 14ರಷ್ಟು ಪೊಟ್ಯಾಸಿಯಂ. ಬಿಳಿ ಕಾಗೆಬಂಗಾರದಲ್ಲಿ ಶೇ. 10ಕ್ಕೆ ಹತ್ತಿರ. ದೊಡ್ಡ ಕಲ್ಲಿನೊಳಗೆ ಇದ್ದಾಗ ಇದು ಬೀಗ ಹಾಕಿದ ಪೆಟ್ಟಿಗೆ. ಗೋಡಿನಷ್ಟು ಸಣ್ಣದಾದಾಗ ಮೈ ಹೆಚ್ಚು, ನೀರಿನ ಹುಳಿಗೆ ತೆರೆದ ಬಾಗಿಲು ಹೆಚ್ಚು. ಕರಿ ಕಾಗೆಬಂಗಾರವಂತೂ ನೆನೆದ ಪುಸ್ತಕದ ಹಾಳೆಗಳಂತೆ ಅಂಚಿನಿಂದ ಬಿಚ್ಚಿಕೊಳ್ಳುತ್ತದೆ. ಹಾಳೆಗಳ ನಡುವೆ ಕೂತಿದ್ದ ಪೊಟ್ಯಾಷ್ ಒಂದೊಂದಾಗಿ ಹೊರಗೆ ಬಂದು ಬೇರಿಗೆ ಸಿಗುತ್ತದೆ. ಪೊಟ್ಯಾಷ್ ಬಿಟ್ಟುಕೊಟ್ಟ ಕಾಗೆಬಂಗಾರ ವರ್ಮಿಕ್ಯುಲೈಟ್ ಎಂಬ ಬೇರೆ ಖನಿಜವಾಗುತ್ತದೆ. ಬೇರು ಎಳೆದಷ್ಟೂ ಹಾಳೆ ಬಿಚ್ಚುತ್ತದೆ. ಹಾಳೆ ಮುಗಿದ ಮೇಲೆ ಏನು ಎಳೆಯುತ್ತೀರಿ?

ಒಂದು ಎಕರೆಯ ಮೇಲಿನ ಆರು ಅಂಗುಲ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಶೇ. 1 ಅಂತ ಇಟ್ಟುಕೊಳ್ಳಿ. ಒಟ್ಟು 9000 ಕೆಜಿ ಆಯಿತು. ಇದರಲ್ಲಿ ಬೆಳೆಗೆ ತಕ್ಷಣ ಸಿಗುವುದು ನೂರಕ್ಕೆ ಒಂದೋ ಎರಡೋ ಪಾಲು, ಅಂದರೆ 90ರಿಂದ 180 ಕೆಜಿ. ಉಳಿದದ್ದೆಲ್ಲ ಖನಿಜದೊಳಗೆ, ಬಹುಪಾಲು ಬೀಗದೊಳಗೆ. ಬೀಗ ನಿಧಾನವಾಗಿ ತೆರೆಯುತ್ತದೆ. ನಮ್ಮ ತಾತಂದಿರು ರಾಗಿ, ಅವರೆ, ಹುಚ್ಚೆಳ್ಳು ಬಿತ್ತಿ ವರ್ಷಕ್ಕೊಂದು ಬೆಳೆ ತೆಗೆದು, ತಿಪ್ಪೆ ಗೊಬ್ಬರ ಚೆಲ್ಲಿ, ಬೀಗ ತೆರೆಯುವ ವೇಗಕ್ಕೆ ತಕ್ಕಂತೆ ಬದುಕಿದರು. ಇವತ್ತು ನಾಲೆಯ ನೀರಿನಲ್ಲಿ ಕಬ್ಬು, ಕೂಳೆ, ಮತ್ತೆ ಕೂಳೆ, ಆಮೇಲೆ ಭತ್ತ. ಬೀಗ ತೆರೆಯುವ ವೇಗ ಅದೇ, ಎಳೆಯುವ ವೇಗ ಬೇರೆ.

ಕಾರ್ಡು ಎಣಿಸಿದ್ದು ಜೇಬಿನ ಚಿಲ್ಲರೆ

2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಕಾರ್ಡು ತಂದಿತು. ಹನ್ನೆರಡು ಅಂಶ ಪರೀಕ್ಷೆ ಅಂತ ಡಂಗುರ ಹೊಡೆಯಿತು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಹುಳಿ-ಕ್ಷಾರ, ಲವಣ, ಸಾವಯವ ಇಂಗಾಲ. ಒಳ್ಳೆಯದೇ. ಆದರೆ ಈ ಹನ್ನೆರಡರಲ್ಲಿ ಮರಳೆಷ್ಟು, ಗೋಡೆಷ್ಟು, ಜೇಡಿಯೆಷ್ಟು ಎಂಬ ಪ್ರಶ್ನೆ ಎಲ್ಲಿದೆ? ಯಾವ ಜಾತಿಯ ಜೇಡಿ ಎಂಬುದು ಎಲ್ಲಿದೆ? ಒಂದು ಮೊಳ ಕೆಳಗೆ ಏನಿದೆ ಎಂಬುದು ಎಲ್ಲಿದೆ?

ಯೋಜನೆಯ ನಿಯಮದಲ್ಲಿ ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಖುಷ್ಕಿಗೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ಅಂತ ಗೊತ್ತುಮಾಡಿದರು. ಎರಡೂವರೆ ಹೆಕ್ಟೇರು ಅಂದರೆ ಆರು ಎಕರೆಗೂ ಮೇಲೆ. ನಮ್ಮ ನಾಲೆ ಬಯಲಿನಲ್ಲಿ ಆರು ಎಕರೆಯೊಳಗೆ ಎಷ್ಟು ಜನರ ಹಿಡುವಳಿ ಬರುತ್ತದೆ ನೀವೇ ಎಣಿಸಿ. ದಿಬ್ಬದ ಮೇಲಿನವನ ಕೆಂಪು, ಇಳಿಜಾರಿನವನ ಗೋಡು, ಹಳ್ಳದವನ ಎರೆ, ಮೂರಕ್ಕೂ ಒಂದೇ ಜಾತಕ. ಮೂವರಿಗೂ ಒಂದೇ ಔಷಧಿ ಚೀಟಿ ಬರೆಯುವ ಡಾಕ್ಟರ ಹತ್ತಿರ ನಿಮ್ಮ ಮಗುವನ್ನು ಕರೆದುಕೊಂಡು ಹೋಗುತ್ತೀರೇನು?

ಇನ್ನು ಪೊಟ್ಯಾಷಿನ ಪರೀಕ್ಷೆ. ಅಮೋನಿಯಂ ಅಸಿಟೇಟ್ ಎಂಬ ದ್ರಾವಣದಲ್ಲಿ ಮಣ್ಣನ್ನು ಕಲಕಿ, ಹೊರಗೆ ಬಂದ ಪೊಟ್ಯಾಷ್ ಅಳೆಯುತ್ತಾರೆ. ಅದು ಜೇಡಿಯ ಮೈಮೇಲೆ ಕೂತ ಪೊಟ್ಯಾಷ್. ಜೇಬಿನ ಚಿಲ್ಲರೆ. ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ನೋಡಬೇಕಾದರೆ ಕುದಿಯುವ ನೈಟ್ರಿಕ್ ಆಮ್ಲದಲ್ಲಿ ಪರೀಕ್ಷೆ ಮಾಡಬೇಕು. ಆ ವಿಧಾನ ವಿಜ್ಞಾನಿಗಳಿಗೆ ಹೊಸದಲ್ಲ, ಹಳೆಯ ಪಠ್ಯಪುಸ್ತಕದಲ್ಲೇ ಇದೆ. ರೈತನ ಕಾರ್ಡಿಗೆ ಮಾತ್ರ ಬರಲಿಲ್ಲ. ಹೀಗಾಗಿ ಏನಾಗುತ್ತದೆ? ಇಬ್ಬರ ಹೊಲದಲ್ಲೂ ಜೇಬಿನ ಚಿಲ್ಲರೆ ಒಂದೇ ಇರುತ್ತದೆ. ಒಬ್ಬನ ಗೋಡಿನಲ್ಲಿ ಕಾಗೆಬಂಗಾರ ತುಂಬಿದೆ, ಇನ್ನೊಬ್ಬನದು ಬರೀ ಬೆಣಚು ಮತ್ತು ಕೆಯೋಲಿನೈಟ್. ಮೊದಲನೆಯವನು ಬೇಕಿಲ್ಲದ ಮೂಟೆಗೆ ಸಾಲ ಮಾಡುತ್ತಾನೆ. ಎರಡನೆಯವನು ‘ಮಧ್ಯಮ’ ಎಂಬ ಮುದ್ರೆ ನಂಬಿಕೊಂಡು ನಾಲ್ಕೈದು ವರ್ಷದಲ್ಲಿ ಬರಿಗೈ ಆಗುತ್ತಾನೆ.

ಸಾಲ ಮಣ್ಣಿಗೆ ಇಳಿಯುವ ದಾರಿ

1992ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರದ ಬೆಲೆ ನಿಯಂತ್ರಣ ಕಿತ್ತುಹಾಕಿತು. ಯೂರಿಯಾವನ್ನು ಮಾತ್ರ ನಿಯಂತ್ರಣದಲ್ಲಿ ಇಟ್ಟುಕೊಂಡಿತು. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗಲೂ ಯೂರಿಯಾ ಹೊರಗೇ ಉಳಿಯಿತು. ಫಲ ಏನು? 45 ಕೆಜಿ ಯೂರಿಯಾ ಮೂಟೆ 266 ರೂಪಾಯಿ ಚಿಲ್ಲರೆ. 50 ಕೆಜಿ ಪೊಟ್ಯಾಷ್ ಮೂಟೆ 2022ರಲ್ಲಿ 1700 ರೂಪಾಯಿ ಮುಟ್ಟಿತು. ನಮ್ಮ ದೇಶ ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೆನಡಾ, ರಷ್ಯಾ, ಬೆಲಾರೂಸ್, ಇಸ್ರೇಲ್, ಜೋರ್ಡಾನ್ ಕಡೆಯಿಂದ ಹಡಗಿನಲ್ಲಿ ಬರಬೇಕು. ಅಲ್ಲೆಲ್ಲೋ ಯುದ್ಧವಾದರೆ ಮಳವಳ್ಳಿಯ ಗೊಬ್ಬರದಂಗಡಿಯ ದರಪಟ್ಟಿ ಅಲ್ಲಾಡುತ್ತದೆ.

ಕೈಯಲ್ಲಿ ಕಾಸಿಲ್ಲದವನು ಏನು ಮಾಡುತ್ತಾನೆ? ಯೂರಿಯಾ ತರುತ್ತಾನೆ, ಪೊಟ್ಯಾಷ್ ಮುಂದಿನ ಸಲ ನೋಡೋಣ ಅಂತಾನೆ. ಅವನನ್ನು ದಡ್ಡ ಅನ್ನಬೇಡಿ. ಬೆಲೆಯೇ ಅವನ ಕೈ ಹಿಡಿದು ಹಾಗೆ ಮಾಡಿಸಿತು. ಯೂರಿಯಾ ಬಿದ್ದ ಬೆಳೆ ಹಸಿರಾಗಿ ಎದ್ದು ನಿಲ್ಲುತ್ತದೆ, ಎದ್ದು ನಿಂತ ಬೆಳೆ ಮಣ್ಣಿನಿಂದ ಇನ್ನಷ್ಟು ಪೊಟ್ಯಾಷ್ ಎಳೆಯುತ್ತದೆ. ಕಾಗೆಬಂಗಾರದ ಹಾಳೆ ಇನ್ನಷ್ಟು ಬೇಗ ಬಿಚ್ಚುತ್ತದೆ. ಎಲೆಯಲ್ಲಿ ಆದ ಸಕ್ಕರೆ ಜಲ್ಲೆಗೆ ಇಳಿಯಲು ಪೊಟ್ಯಾಷ್ ಬೇಕು. ಅದು ಕಡಿಮೆಯಾದರೆ ಸಿಹಿ ಕಡಿಮೆ, ತೂಕ ಕಡಿಮೆ, ಕಬ್ಬು ಬೀಳುವುದು ಹೆಚ್ಚು. ಮುಂದಿನ ವರ್ಷ ಸಾಲ ಜಾಸ್ತಿ. ಸಾಲ ಜಾಸ್ತಿಯಾದವನು ಮತ್ತೆ ಯೂರಿಯಾ ಮಾತ್ರ ತರುತ್ತಾನೆ. ಈ ಗಾಣಕ್ಕೆ ನಮ್ಮನ್ನು ಕಟ್ಟಿದವರು ಯಾರು?

2015ರಲ್ಲಿ ಈ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರು ಸಾಲುಸಾಲಾಗಿ ಪ್ರಾಣ ಕಳೆದುಕೊಂಡರು. 2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿತು. ಕಾಗದದ ಸಾಲಕ್ಕೆ ಮನ್ನಾ ಉಂಟು. ಆ ಸಾಲದ ಕಾರಣದಿಂದ ಮಣ್ಣಿನಿಂದ ಕಿತ್ತದ್ದನ್ನು ಯಾವ ಸರ್ಕಾರಿ ಆದೇಶ ತುಂಬಿಕೊಟ್ಟಿತು?

ನೀರು ಬಂತು, ಬಸಿಯಲು ದಾರಿ ಬೇಕಿತ್ತು

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ನಮ್ಮ ಬಯಲಿಗೆ ಬಂತು, ಆಮೇಲೆ ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಅಂತ ಹೆಸರಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮಂಡ್ಯಕ್ಕೆ ಹೆಸರು ಬಂದದ್ದು ಹೀಗೆ, ನಾವು ಉಂಡದ್ದೂ ಹೀಗೆ. ಆ ಉಪಕಾರ ಯಾರೂ ಮರೆತಿಲ್ಲ. ಆದರೆ ನೀರು ಕೊಟ್ಟವರು ಬಸಿಗಾಲುವೆಯನ್ನೂ ಕಾಯಬೇಕು. ಯಾಕೆ ಅಂತ ಕಲ್ಲೇ ಹೇಳುತ್ತದೆ.

ನಮ್ಮ ನೈಸ್ ಕಲ್ಲಿನಲ್ಲಿ ಸೋಡಿಯಂ ಹಿಡಿದ ಫೆಲ್ಡ್‌ಸ್ಪಾರ್ ಬಹಳ. ಅದು ಬೇಗ ಕರಗುತ್ತದೆ ಅಂತ ಮೊದಲೇ ಹೇಳಿದೆವು. ನೀರು ಬಸಿದು ಹಳ್ಳ ಸೇರಿದರೆ ಸೋಡಿಯಂ ಶಿಂಷೆಗೆ ಹೋಗಿ, ಕಾವೇರಿಗೆ ಹೋಗಿ, ಸಮುದ್ರ ಸೇರುತ್ತದೆ. ಬಸಿಗಾಲುವೆ ಹೂತು, ನೀರು ತಗ್ಗಿನಲ್ಲಿ ನಿಂತು, ಬಿಸಿಲಿಗೆ ಆವಿಯಾದರೆ ಏನಾಗುತ್ತದೆ? ಸುಣ್ಣ ಮೊದಲು ಗಟ್ಟಿಯಾಗಿ ಹರಳುಗಟ್ಟಿ ಕೂತುಬಿಡುತ್ತದೆ. ನೀರಿನಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಉಳಿಯುತ್ತವೆ. ಸೋಡಿಯಂ ಹೋಗಿ ಜೇಡಿಯ ಮೈಮೇಲೆ ಕೂರುತ್ತದೆ. ಜೇಡಿಯ ಕಣಗಳು ಒಂದನ್ನೊಂದು ಹಿಡಿದುಕೊಳ್ಳುವುದನ್ನು ಬಿಟ್ಟು ಚದುರುತ್ತವೆ, ಗೋಡಿನ ಸಂದುಗಳಿಗೆ ತುಂಬಿಕೊಳ್ಳುತ್ತವೆ, ಮಣ್ಣು ಸಿಮೆಂಟಿನಂತೆ ಮುಚ್ಚಿಕೊಳ್ಳುತ್ತದೆ. ನೀರು ಇಂಗುವುದಿಲ್ಲ, ಗಾಳಿ ಆಡುವುದಿಲ್ಲ, ಬೇರು ಇಳಿಯುವುದಿಲ್ಲ. ಕ್ಷಾರದ ಅಂಕ ಎಂಟೂವರೆ ದಾಟುತ್ತದೆ. ಇದೇ ನಮ್ಮ ನಾಲೆ ಬಯಲಿನ ತಗ್ಗು ಗದ್ದೆಗಳಲ್ಲಿ ಅಲ್ಲಲ್ಲಿ ಕಾಣುವ ಚೌಳು.

‘ರೈತರು ನೀರು ಜಾಸ್ತಿ ಬಿಟ್ಟು ಹಾಳು ಮಾಡಿಕೊಂಡರು’ ಅಂತ ಸಾಹೇಬರು ಸಭೆಯಲ್ಲಿ ಬುದ್ಧಿ ಹೇಳ್ತಾರೆ. ಕಟ್ಟು ನೀರಿನ ಸರದಿ ಬರೆಯುವವರು ಯಾರು ಸ್ವಾಮಿ? ಬಂದಾಗ ತುಂಬಿಸಿಕೊಳ್ಳದಿದ್ದರೆ ಮುಂದಿನ ಸರದಿ ಬರುತ್ತದೋ ಇಲ್ಲವೋ ಎಂಬ ಭಯ ಹುಟ್ಟಿಸಿದವರು ಯಾರು? ಬಸಿಗಾಲುವೆಯ ಹೂಳು ಒಬ್ಬ ರೈತ ತೆಗೆದರೆ ಆಗುವ ಕೆಲಸವಲ್ಲ. ಮೇಲಿನವನಿಂದ ಕೆಳಗಿನವನವರೆಗೆ ಒಂದೇ ಸಲ ತೆಗೆಯಬೇಕು. ಅದು ಇಲಾಖೆಯ ಕೆಲಸ.

ಇದಕ್ಕೂ ಬೆಲೆಗೂ ಏನು ಸಂಬಂಧ ಅಂತೀರಾ? ಕೇಳಿ. ಚೌಳು ಮಣ್ಣಿನ ಕಬ್ಬಿನಲ್ಲಿ ಲವಣ ಹೆಚ್ಚು, ಸಕ್ಕರೆ ಇಳುವರಿ ಕಡಿಮೆ. 2025-26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ಎಫ್‌ಆರ್‌ಪಿ ಕ್ವಿಂಟಾಲಿಗೆ 355 ರೂಪಾಯಿ, ಅದೂ ಇಳುವರಿ ಶೇ. 10.25 ಇದ್ದರೆ. ಇಳುವರಿ ಶೇ. 0.1 ಇಳಿದರೆ 3 ರೂಪಾಯಿ 46 ಪೈಸೆ ಕಡಿತ. ಶೇ. 9.5ಕ್ಕೆ ಬಂದರೆ 329 ರೂಪಾಯಿ 5 ಪೈಸೆ. ಟನ್ನಿಗೆ 259 ರೂಪಾಯಿ 50 ಪೈಸೆ ಹೋಯಿತು. ಎಕರೆಗೆ 40 ಟನ್ ಬೆಳೆದವನಿಗೆ 10,380 ರೂಪಾಯಿ ಹೋಯಿತು. ಇಳುವರಿ ಲೆಕ್ಕ ಹಾಕುವುದು ಇಡೀ ಕಾರ್ಖಾನೆಗೆ ಒಂದೇ. ನಿಮ್ಮ ಗದ್ದೆ ಚಿನ್ನದಂಥದಾಗಿದ್ದರೂ ಬಸಿಗಾಲುವೆ ಹೂತ ಪಕ್ಕದ ಬಯಲಿನ ಚೌಳು ನಿಮ್ಮ ಬಿಲ್ಲಿನಲ್ಲಿ ಕೈ ಹಾಕುತ್ತದೆ. ಕಾರ್ಖಾನೆಯ ಹಳೇ ಯಂತ್ರದ ದೋಷವೂ ಅದೇ ಬಿಲ್ಲಿಗೆ ಬೀಳುತ್ತದೆ, ಅದು ಬೇರೆ ಮಾತು.

ನಮ್ಮ ಪೊಟ್ಯಾಷ್ ನಮಗೇ ಮಾರಾಟ

ಈಗ ಗಟ್ಟಿ ಲೆಕ್ಕ. ಒಂದು ಟನ್ ಕಬ್ಬು ಮಣ್ಣಿನಿಂದ ಒಂದರಿಂದ ಎರಡೂವರೆ ಕೆಜಿ ಪೊಟ್ಯಾಷ್ ಎಳೆಯುತ್ತದೆ. ಒಂದೂವರೆ ಕೆಜಿ ಅಂತ ಹಿಡಿಯಿರಿ. 40 ಟನ್ನಿಗೆ 60 ಕೆಜಿ. 50 ಕೆಜಿ ಮೂಟೆಯಲ್ಲಿ ಇರುವುದು ಶೇ. 60, ಅಂದರೆ 30 ಕೆಜಿ. ಎರಡು ಮೂಟೆ ಆಯಿತು. 2022ರ ದರದಲ್ಲಿ 3400 ರೂಪಾಯಿ, ಟನ್ನಿಗೆ 85 ರೂಪಾಯಿ. ನೀವು ಮೂಟೆ ತಂದು ಹಾಕಿದರೆ ಆಯೋಗ ಅದನ್ನು ಖರ್ಚು ಅಂತ ಬರೆದುಕೊಳ್ಳುತ್ತದೆ. ಹಾಕದೆ ಮಣ್ಣಿನಿಂದ ಕಳೆದುಕೊಂಡರೆ ಖರ್ಚೇ ಇಲ್ಲ ಅಂತ ಬರೆಯುತ್ತದೆ! ಬಡವನ ಮಣ್ಣು ಹೆಚ್ಚು ಸವೆದಷ್ಟೂ ಸರ್ಕಾರದ ಪುಸ್ತಕದಲ್ಲಿ ಅವನ ಉತ್ಪಾದನಾ ವೆಚ್ಚ ಕಡಿಮೆ. 2025-26ರ ಕಬ್ಬಿಗೆ ಕೈಯಿಂದ ಹೋದ ಖರ್ಚು ಮತ್ತು ಮನೆಮಂದಿಯ ದುಡಿಮೆ ಸೇರಿ ಕ್ವಿಂಟಾಲಿಗೆ 173 ರೂಪಾಯಿ ಅಂತ ಲೆಕ್ಕ ತೋರಿಸಿ, ಅದರ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟಿದ್ದೇವೆ ಅಂತ ಬೆನ್ನು ತಟ್ಟಿಕೊಂಡರು. ಆ 173ರೊಳಗೆ ಸವೆದ ಮಣ್ಣಿನ ಒಂದು ಪೈಸೆ ಇಲ್ಲ.

ಕಬ್ಬಿನ ರಸದ ಜೊತೆ ಹೋದ ಪೊಟ್ಯಾಷ್ ಎಲ್ಲಿ ಸೇರುತ್ತದೆ? ಸಕ್ಕರೆ ಹರಳಾದ ಮೇಲೆ ಕಾಕಂಬಿಯಲ್ಲಿ ಉಳಿಯುತ್ತದೆ. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಡಿಸ್ಟಿಲರಿಯ ಕೊಳೆನೀರಿನಲ್ಲಿ ಉಳಿಯುತ್ತದೆ. ಅದನ್ನು ಬಾಯ್ಲರಿನಲ್ಲಿ ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಗೆ ಕಾಕಂಬಿ ಪೊಟ್ಯಾಷ್ ಅಂತ ಹೆಸರಿಟ್ಟು 2021ರಲ್ಲಿ ಸಹಾಯಧನದ ಪಟ್ಟಿಗೆ ಸೇರಿಸಿದರು. ಅದರಲ್ಲಿ ಪೊಟ್ಯಾಷ್ ಶೇ. 14.5. 2023-24ಕ್ಕೆ ಸಕ್ಕರೆ ಕಾರ್ಖಾನೆಗಳು ಗೊಬ್ಬರ ಕಂಪನಿಗಳಿಗೆ ಟನ್ನಿಗೆ 4263 ರೂಪಾಯಿಯಂತೆ ಮಾರುವ ದರವೂ ಗೊತ್ತಾಯಿತು, ಮೇಲೆ ಟನ್ನಿಗೆ 345 ರೂಪಾಯಿ ಸಹಾಯಧನವೂ ಉಂಟು. ಬೂದಿ ಮಣ್ಣಿಗೆ ಮರಳುವುದು ಒಳ್ಳೆಯದು, ಬೇಡ ಅನ್ನುವವರು ಯಾರು? ಆದರೆ ನೋಡಿ ತಮಾಷೆ. ನಿಮ್ಮ ಗದ್ದೆಯಿಂದ ಹೋಗುವಾಗ ಆ ಪೊಟ್ಯಾಷಿಗೆ ಬೆಲೆ ಸೊನ್ನೆ, ಯಾಕೆಂದರೆ ಕಬ್ಬಿನ ಬೆಲೆ ಸಕ್ಕರೆಗೆ ಮಾತ್ರ. ಚೀಲದಲ್ಲಿ ವಾಪಸ್ ಬರುವಾಗ ಅದಕ್ಕೆ ಬೆಲೆ ಇದೆ. ಉಪ ಉತ್ಪನ್ನಗಳ ಆದಾಯವನ್ನೂ ಸೇರಿಸಿ ನೂರಕ್ಕೆ 70 ಪಾಲು ಬೆಳೆಗಾರನಿಗೆ ಕೊಡಿ ಅಂತ 2012ರಲ್ಲಿ ರಂಗರಾಜನ್ ಸಮಿತಿಯೇ ಹೇಳಿತ್ತು. ಆ ಮಾತನ್ನು ಎತ್ತುವಾಗ ಈ ಬೂದಿಯನ್ನೂ ತಕ್ಕಡಿಗೆ ಹಾಕಿ ಅಂತ ಕೇಳಬೇಕು.

ಕೆರೆ ಗೋಡು ಯಾರದು?

ಇಳಿಜಾರಿನ ಖುಷ್ಕಿ ಹೊಲದ ಮೇಲೆ ಜೋರು ಮಳೆ ಬಿದ್ದರೆ ಮರಳು ಹಿಂದೆ ಉಳಿಯುತ್ತದೆ, ಗೋಡು ಮತ್ತು ಜೇಡಿ ಮೊದಲು ಎದ್ದು ಹೋಗುತ್ತವೆ. ನಮ್ಮ ದೇಶದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ನಿಗೂ ಹೆಚ್ಚು ಮಣ್ಣು ಕೊಚ್ಚಿಹೋಗುತ್ತದೆ ಅಂತ 1983ರಲ್ಲೇ ಮಣ್ಣು ಸಂರಕ್ಷಣಾ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಹೋದದ್ದು ಆಕಾಶಕ್ಕೆ ಹೋಗಲಿಲ್ಲ, ಬಹಳಷ್ಟು ಊರ ಕೆರೆಯಲ್ಲಿ ಕೂತಿದೆ. ಕೆರೆ ಗೋಡು ಅಂದರೆ ನಿಮ್ಮ ತಾತನ ಹೊಲವೇ.

ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಹೂಡಿ ಆ ಗೋಡನ್ನು ಹೊಲಕ್ಕೆ ವಾಪಸ್ ತರುತ್ತಿದ್ದರು. ಕೆರೆಯೂ ಆಳವಾಗುತ್ತಿತ್ತು, ಹೊಲವೂ ತುಂಬುತ್ತಿತ್ತು. ಈಗ ಹೊಲಕ್ಕೆ ಹೊಡೆಯುವ ಬಡ ರೈತನ ಟ್ರಾಕ್ಟರ್ ತಡೆದು ಪರ್ಮಿಟ್ ಕೇಳುತ್ತಾರೆ, ಇಟ್ಟಿಗೆ ಗೂಡಿಗೆ ಹೋಗುವ ಲಾರಿ ರಾತ್ರೋರಾತ್ರಿ ದಾಟುತ್ತದೆ. ಕಾಗೆಬಂಗಾರ, ಜೇಡಿ, ಸಾವಯವ ಅಂಶ ಎಲ್ಲ ಗೂಡಿನ ಬೆಂಕಿಯಲ್ಲಿ ಬೆಂದು ಗೋಡೆಯಾಗುತ್ತದೆ. ಬೆಂದ ಜೇಡಿ ಮತ್ತೆ ಮಣ್ಣಾಗಲಾರದು.

ಕಾನೂನು ಕೇಳುವವರಿಗೆ ಹೇಳಿ. ಕೇಂದ್ರ ಪರಿಸರ ಸಚಿವಾಲಯ 2016ರ ಜನವರಿ 15ರಂದು ಹೊರಡಿಸಿದ ಅಧಿಸೂಚನೆಯಲ್ಲೇ ಊರ ಕೆರೆಕಟ್ಟೆಗಳ ಹೂಳೆತ್ತುವ ಸಮುದಾಯದ ಕೆಲಸಕ್ಕೆ, ಪಂಚಾಯಿತಿ ವ್ಯಾಪ್ತಿಯಲ್ಲಿ ಸ್ವಂತಕ್ಕೆ ಅಥವಾ ಊರ ಕೆಲಸಕ್ಕೆ ವಾಡಿಕೆಯಂತೆ ಸಾಧಾರಣ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಅಂತ ಇದೆ. ಕೆರೆ ಯಾವ ಇಲಾಖೆಯದೋ ಅದಕ್ಕೆ ಗ್ರಾಮಸಭೆಯಿಂದ ತೀರ್ಮಾನ ಮಾಡಿ ಬರೆದುಕೊಡಿ, ಏರಿಯ ಬುಡ ಕೆದಕಬೇಡಿ, ತೂಬಿನ ಹತ್ತಿರ ಅಗೆಯಬೇಡಿ. ಉಳಿದ ಕಡೆ ಗೋಡಿನ ಮೊದಲ ಹಕ್ಕು ಅಚ್ಚುಕಟ್ಟಿನ ಮತ್ತು ಮೇಲುಹೊಲದ ರೈತನದು.

ಹೊಡೆಯುವ ಮುಂಚೆ ಒಂದು ಪರೀಕ್ಷೆ ಮಾಡಿ, ಕಾಸಿನ ಖರ್ಚಿಲ್ಲ. ಗಾಜಿನ ಸೀಸೆಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು. ಎರಡು ಗಂಟೆಯೊಳಗೆ ಅದರ ಮೇಲೆ ಕೂತದ್ದು ಗೋಡು. ಮರುದಿನಕ್ಕೆ ಕೂರುವುದು ಜೇಡಿ. ಎರಡು ಮೂರು ದಿನವಾದರೂ ನೀರು ತಿಳಿಯಾಗದೆ ಬಗ್ಗಡವಾಗಿಯೇ ಇದ್ದರೆ ಸೋಡಿಯಂ ಇರಬಹುದು ಅಂತ ಅನುಮಾನ ಪಡಿ, ಆ ಮಣ್ಣನ್ನು ಪ್ರಯೋಗಶಾಲೆಗೆ ಕಳಿಸದೆ ಹೊಲಕ್ಕೆ ತರಬೇಡಿ. ಕೆಂಪು ಮರಳು ಹೊಲಕ್ಕೆ ಕೆರೆ ಗೋಡು ಅಮೃತ. ಮೊದಲೇ ಬಿಗಿಯಾಗಿರುವ ಎರೆ ಗದ್ದೆಗೆ ಅದನ್ನು ಸುರಿಯುವುದು ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸಿದ ಹಾಗೆ.

ಅವರು ಹೇಳುವ ಎರಡು ಮಾತು

‘ಸಿ-2 ಎಂಬ ವೆಚ್ಚದಲ್ಲಿ ಜಮೀನಿನ ಗುತ್ತಿಗೆ ಸೇರಿದೆಯಲ್ಲ, ಮಣ್ಣಿನ ಬೆಲೆ ಬಂತಲ್ಲ’ ಅಂತ ಪಂಡಿತರು ಹೇಳುತ್ತಾರೆ. ಬಾಡಿಗೆ ಬೇರೆ, ಮನೆ ಬಿದ್ದುಹೋಗುವುದು ಬೇರೆ. ಬಾಡಿಗೆ ಕೊಟ್ಟೆ ಅಂತ ಬಾಡಿಗೆದಾರ ತೊಲೆ ಕಿತ್ತುಕೊಂಡು ಹೋಗಬಹುದೇನು? ಮೇಲಾಗಿ ಆ ಸಿ-2ರ ಮೇಲೆ ಬೆಲೆ ಕಟ್ಟುವುದಕ್ಕೂ ಇವರು ಒಪ್ಪುತ್ತಿಲ್ಲ.

‘ಕಲ್ಲು ಕರಗುತ್ತಲೇ ಇದೆ, ಪ್ರಕೃತಿ ತುಂಬಿಕೊಡುತ್ತದೆ’ ಅಂತ ಇನ್ನೊಂದು ಮಾತು. ನಿಜ, ಕಲ್ಲು ಕರಗುತ್ತಲೇ ಇದೆ. ಆದರೆ ಅದು ಹಳೇ ಕಾಲದ ಗಡಿಯಾರ. ನಾಲೆ ನೀರಿನ ಕಬ್ಬು ಎಳೆಯುವ ವೇಗಕ್ಕೆ ಅದು ಓಡುವುದಿಲ್ಲ. ಬಡ್ಡಿಯನ್ನು ತಿಂದರೆ ಗಂಟು ಉಳಿಯುತ್ತದೆ. ನಾವೀಗ ಗಂಟಿಗೇ ಕೈ ಹಾಕಿದ್ದೇವೆ, ಹಾಕಿಸಿದ್ದು ಬೆಲೆ.

ಕೇಳಬೇಕಾದದ್ದು

ಒಂದು: ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಬೆಳೆಯ ಖರ್ಚಿನಲ್ಲಿ ಮಣ್ಣಿನ ಸವಕಳಿಗೆ ಕಲಮು ತೆರೆಯಬೇಕು. ಟನ್ ಕಬ್ಬಿಗೆ, ಕ್ವಿಂಟಾಲ್ ಭತ್ತಕ್ಕೆ, ರಾಗಿಗೆ ಎಷ್ಟು ಪೋಷಕಾಂಶ ಹೋಗುತ್ತದೆ ಎಂಬ ಲೆಕ್ಕ ಕೃಷಿ ವಿಶ್ವವಿದ್ಯಾಲಯಗಳಲ್ಲೇ ಇದೆ.

ಎರಡು: ಮಣ್ಣಿನ ಪರೀಕ್ಷೆ ಸರ್ವೆ ನಂಬರಿನ ಲೆಕ್ಕದಲ್ಲಿ ಆಗಬೇಕು. ಮರಳು-ಗೋಡು-ಜೇಡಿಯ ಪಾಲು, ಕೆಳಪದರದ ಸ್ಥಿತಿ, ಖನಿಜದೊಳಗಿನ ಪೊಟ್ಯಾಷ್ ಮೂರೂ ಕಾರ್ಡಿನಲ್ಲಿ ಇರಬೇಕು.

ಮೂರು: ವಿ.ಸಿ. ನಾಲೆಯ ಬಸಿಗಾಲುವೆಗಳ ಹೂಳನ್ನು ತುದಿಯಿಂದ ತುದಿಗೆ ಇಲಾಖೆ ತೆಗೆಸಬೇಕು. ಚೌಳು ಗದ್ದೆಗೆ ಜಿಪ್ಸಂ ಕೊಡಬೇಕು. ಬಸಿಯುವ ದಾರಿ ಇಲ್ಲದೆ ಜಿಪ್ಸಂ ಹಾಕಿದರೆ ಸೋಡಿಯಂ ಹೋಗಲು ಬಾಗಿಲೇ ಇರುವುದಿಲ್ಲ, ಆದ್ದರಿಂದ ಎರಡೂ ಒಟ್ಟಿಗೆ.

ನಾಲ್ಕು: ಕಾರ್ಖಾನೆಯ ಮಡ್ಡಿ, ಬೂದಿ ಬೆಳೆಗಾರನಿಗೆ ಕಬ್ಬಿನ ತೂಕದ ಪ್ರಕಾರ ಪುಕ್ಕಟೆ ವಾಪಸ್ ಬರಬೇಕು, ಇಲ್ಲವೇ ಅದರ ಬೆಲೆ ಬಿಲ್ಲಿನಲ್ಲಿ ಸೇರಬೇಕು.

ಐದು: ಕೆರೆ ಗೋಡು ಹೊಡೆಯುವ ಗಾಡಿ ಬಾಡಿಗೆ, ಬದು, ಬಸಿಗಾಲುವೆಯ ಖರ್ಚನ್ನು ಬೆಳೆಸಾಲದ ಪ್ರಮಾಣದೊಳಗೆ ಸೇರಿಸಬೇಕು. ಯೂರಿಯಾಕ್ಕೆ ಸಾಲ ಕೊಡುವ ಬ್ಯಾಂಕು ಮಣ್ಣಿಗೂ ಕೊಡಲಿ.

ನಮ್ಮ ಪಾಲಿನದು ಇದೆ. ಸೋಗೆ, ತರಗು ಸುಡುವುದನ್ನು ಬಿಟ್ಟು ಸಾಲಿಗೆ ಮುಚ್ಚಿ. ಭತ್ತದ ಪೊಟ್ಯಾಷಿನ ಬಹುಪಾಲು ಹುಲ್ಲಿನಲ್ಲಿದೆ. ಹುಲ್ಲು ಮಾರಿದಿರೋ, ಸಗಣಿ ಗೊಬ್ಬರವನ್ನಾದರೂ ಗದ್ದೆಗೆ ತನ್ನಿ. ಗೂಡಿನವನು ಮೇಲ್ಮಣ್ಣಿಗೆ ದುಡ್ಡು ತೋರಿಸಿದರೆ ಬಾಗಿಲು ಹಾಕಿ.

ಮುಂದಿನ ಗ್ರಾಮಸಭೆಗೆ, ಕಬ್ಬಿನ ದರದ ಮುಂದಿನ ಸಭೆಗೆ ಹೋಗುವಾಗ ಆ ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಮೇಜಿನ ಮೇಲಿಟ್ಟು ಕೇಳಿ: ‘ಸಾಹೇಬ್ರೇ, ಟ್ರಾಕ್ಟರಿನ ಸವಕಳಿ ಬರ್ಕೊಂಡ್ರಿ. ಇದರ ಸವಕಳಿ ಯಾವ ಪುಟದಲ್ಲಿದೆ, ತೋರಿಸಿ.’ ತೋರಿಸುವವರೆಗೂ ಎದ್ದು ಬರಬೇಡಿ.